ಕುರು ಎದ್ದರೆ ಡಾಕ್ಟರು ಕೊಯ್ಯುವುದು ಯಾಕೆ? ಬರೀ ಮಾತ್ರೆ ಸಾಲದಾ?

ಮುಂಬಯಿಯಲ್ಲಿ ಏಪ್ರಿಲ್ ಕಳೆದು ಸೆಕೆ ಏರಿತು ಅಂದರೆ ಕುರು ಏಳುವ ಕಾಲ ಬಂತು. ಕಂಕುಳಲ್ಲಿ, ತೊಡೆಸಂದಿಯಲ್ಲಿ, ಕುತ್ತಿಗೆಯ ಹಿಂದೆ, ಕೂರುವ ಜಾಗದಲ್ಲಿ. ಹೋಟೆಲಿನ ಭಟ್ಟಿ ಮುಂದೆ ಎಂಟು ಹತ್ತು ಗಂಟೆ ನಿಲ್ಲುವ ಹುಡುಗರಿಗೆ, ದಿನವಿಡೀ ಟ್ಯಾಕ್ಸಿ ಸೀಟಿನಲ್ಲಿ ಕೂರುವವರಿಗೆ, ಸೈಟಿನಲ್ಲಿ ದುಡಿಯುವ ಕಲಬುರಗಿ, ಯಾದಗಿರಿ ಕಡೆಯವರಿಗೆ ಇದರ ಕಾಟ ಜಾಸ್ತಿ. ಮಳೆ ಬಂದರೂ ಪೂರ್ತಿ ನಿಲ್ಲುವುದಿಲ್ಲ. ಒದ್ದೆ ಬಟ್ಟೆ, ಒಣಗದ ಟವೆಲ್ಲು ಅದಕ್ಕೆ ದಾರಿ ಮಾಡಿಕೊಡುತ್ತವೆ.

ಹೆಚ್ಚಿನವರು ಮಾಡುವುದು ಇಷ್ಟೇ. ಮೊದಲು ‘ಹಣ್ಣಾಗಲಿ, ತಾನೇ ಒಡೆಯುತ್ತೆ’ ಎಂದು ಕಾಯುತ್ತಾರೆ. ನೋವು ತಡೆಯದಾದಾಗ ಮೆಡಿಕಲ್ ಸ್ಟೋರಿನಿಂದ ನಾಲ್ಕು ಮಾತ್ರೆ ತರುತ್ತಾರೆ. ಅದೂ ಕೇಳದಿದ್ದರೆ ಡಾಕ್ಟರ ಹತ್ತಿರ ಹೋಗುತ್ತಾರೆ, ಅವರು ‘ಇದನ್ನು ಕೊಯ್ಯಬೇಕು’ ಎಂದ ಕೂಡಲೇ ಹೆದರಿ, ಇನ್ನೂ ಜೋರು ಮಾತ್ರೆ ಇದ್ದರೆ ಕೊಡಿ ಎಂದು ಕೇಳುತ್ತಾರೆ. ಜೋರು ಮಾತ್ರೆ ಇದ್ದೇ ಇದೆ. ಆದರೆ ಕೀವು ಕಟ್ಟಿದ ಕುರುವಿಗೆ ಅದೊಂದೇ ಯಾಕೆ ಸಾಲದು ಎಂಬುದು ಒಮ್ಮೆ ಅರ್ಥವಾದರೆ ಈ ಹೆದರಿಕೆ ಅರ್ಧ ಇಳಿಯುತ್ತದೆ.

ಚರ್ಮದ ಕೆಳಗೆ ಏನು ನಡೆಯುತ್ತದೆ

ಕುರುವಿನ ಹಿಂದೆ ಹೆಚ್ಚಾಗಿ ಇರುವುದು ಸ್ಟೆಫೈಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ. ಚಿಕ್ಕದಾಗಿ ಸ್ಟೆಫ್ ಎನ್ನೋಣ. 1880ರ ಸುಮಾರಿಗೆ ಸ್ಕಾಟ್ಲೆಂಡಿನ ಅಬರ್ಡೀನ್ ಊರಿನ ಸರ್ಜನ್ ಅಲೆಕ್ಸಾಂಡರ್ ಆಗ್‌ಸ್ಟನ್ ತನ್ನ ರೋಗಿಗಳ ಕೀವನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು ನೋಡಿದಾಗ ಗೊಂಚಲು ಗೊಂಚಲಾಗಿ ಕಂಡದ್ದು ಇದೇ. ಇದು ಹೊರಗಿನಿಂದ ಬಂದ ಅಪರೂಪದ ರೋಗಾಣು ಏನಲ್ಲ. ಆರೋಗ್ಯವಾಗಿರುವ ಮೂವರಲ್ಲಿ ಸುಮಾರು ಒಬ್ಬರ ಮೂಗಿನೊಳಗೆ ಇದು ಸುಮ್ನೆ ಇರುತ್ತದೆ. ತೊಂದರೆಯೂ ಮಾಡುವುದಿಲ್ಲ.

ತೊಂದರೆ ಶುರುವಾಗುವುದು ಅದು ಚರ್ಮದ ಒಳಗೆ ಇಳಿದಾಗ. ರೇಜರ್ ತಾಗಿದ ಗೀರು, ಕೆರೆದ ಸೊಳ್ಳೆಕಡಿತ, ಬೆವರಿನಿಂದ ಮೆತ್ತಗಾಗಿ ತಿಕ್ಕಿ ಹೋದ ಚರ್ಮ, ಅಥವಾ ಒಂದು ಕೂದಲಿನ ಬುಡ. ಅಷ್ಟು ಸಾಕು. ಒಳಗೆ ಬಂದದ್ದು ಗೊತ್ತಾದ ಕೂಡಲೇ ರಕ್ತದಿಂದ ಬಿಳಿ ಕಣಗಳು ಅಲ್ಲಿಗೆ ಧಾವಿಸುತ್ತವೆ, ಬ್ಯಾಕ್ಟೀರಿಯಾವನ್ನು ನುಂಗುತ್ತವೆ, ನುಂಗಿ ತಾವೂ ಸಾಯುತ್ತವೆ. ಸತ್ತ ಬಿಳಿ ಕಣ, ಸತ್ತ ಮತ್ತು ಬದುಕಿರುವ ಬ್ಯಾಕ್ಟೀರಿಯಾ, ಕರಗಿದ ಮಾಂಸ, ಇವೆಲ್ಲ ಸೇರಿದ ಗಟ್ಟಿ ದ್ರವವೇ ಕೀವು. ಸೋಂಕು ಬೇರೆ ಕಡೆ ಹರಡದಿರಲಿ ಎಂದು ದೇಹ ಅದರ ಸುತ್ತ ಒಂದು ಗೋಡೆಯನ್ನೂ ಕಟ್ಟುತ್ತದೆ.

ಕೂದಲಿನ ಬುಡದಲ್ಲಿ ಚಿಕ್ಕದಾಗಿ ಇದ್ದರೆ ಕೀವುಗುಳ್ಳೆ. ಆಳಕ್ಕಿಳಿದು ಕೀವಿನ ಗೂಡು ಕಟ್ಟಿದರೆ ಅದೇ ದೊಡ್ಡ ಕುರು, ಡಾಕ್ಟರು ಕೇಸ್ ಪೇಪರಿನಲ್ಲಿ ಆಬ್ಸೆಸ್ ಎಂದು ಬರೆಯುವುದು ಇದನ್ನೇ. ಅಕ್ಕಪಕ್ಕದ ನಾಲ್ಕಾರು ಕುರು ಒಳಗೊಳಗೇ ಸೇರಿಕೊಂಡು ಹಲವು ಬಾಯಿ ತೆರೆದರೆ ಕಾರ್ಬಂಕಲ್. ಇದು ಸಾಮಾನ್ಯವಾಗಿ ಕತ್ತಿನ ಹಿಂಭಾಗದಲ್ಲಿ, ಬೆನ್ನಿನಲ್ಲಿ ಏಳುತ್ತದೆ, ಸಕ್ಕರೆ ಕಾಯಿಲೆ ಇರುವವರಲ್ಲಿ ಜಾಸ್ತಿ.

ನೋವು ಯಾಕೆ ಅಷ್ಟು? ಕೀವು ತುಂಬುತ್ತಾ ಹೋಗುತ್ತದೆ, ಹೊರಗೆ ಹೋಗಲು ಜಾಗ ಇಲ್ಲ. ಒಳಗೆ ಒತ್ತಡ ಏರುತ್ತದೆ. ನಾಡಿ ಬಡಿದಾಗಲೆಲ್ಲ ಆ ಬಿಗಿಯಾದ ಜಾಗಕ್ಕೆ ಇನ್ನಷ್ಟು ರಕ್ತ ನುಗ್ಗುತ್ತದೆ. ರಾತ್ರಿ ಮಲಗಿದಾಗ ಕುರು ‘ಸಿಡಿಯುತ್ತದೆ’ ಎನ್ನುತ್ತೇವಲ್ಲ, ಅದು ಇದೇ.

ಮಾತ್ರೆ ಅಲ್ಲಿಗೆ ತಲುಪುವುದು ಕಷ್ಟ

ಮಾತ್ರೆ ನುಂಗಿದರೆ ಔಷಧಿ ರಕ್ತದಲ್ಲಿ ಸೇರಿ ಮೈಯೆಲ್ಲ ಸುತ್ತುತ್ತದೆ. ರಕ್ತ ಹೋದಲ್ಲಿ ಮಾತ್ರ ಔಷಧಿಯೂ ಹೋಗುತ್ತದೆ. ಕೀವಿನ ಗೂಡಿನೊಳಗೆ ರಕ್ತನಾಳವೇ ಇಲ್ಲ. ಸುತ್ತ ಎತ್ತರದ ಕಾಂಪೌಂಡು ಕಟ್ಟಿ ಗೇಟು ಮುಚ್ಚಿದ ಪ್ಲಾಟನ್ನು ನೆನೆಸಿಕೊಳ್ಳಿ. ಗಲ್ಲಿಯಲ್ಲಿ ಸಾಮಾನು ತುಂಬಿದ ಟೆಂಪೋಗಳು ಎಷ್ಟೇ ಓಡಾಡಲಿ, ಒಳಗೆ ಹೋಗುವ ರಸ್ತೆಯೇ ಇಲ್ಲದಿದ್ದರೆ ಗೋಡೆಯ ಹೊರಗೇ ನಿಲ್ಲಬೇಕು. ಆಂಟಿಬಯಾಟಿಕ್‌ನ ಗತಿಯೂ ಅದೇ. ಗೋಡೆ ದಾಟಿ ಸ್ವಲ್ಪ ಒಳಗೆ ಹೋದರೂ ಅಲ್ಲಿನ ಹುಳಿ ವಾತಾವರಣದಲ್ಲಿ ಕೆಲವು ಔಷಧಿಗಳ ಶಕ್ತಿ ಕುಗ್ಗುತ್ತದೆ. ಜೊತೆಗೆ ಕೀವಿನಲ್ಲಿರುವ ಬ್ಯಾಕ್ಟೀರಿಯಾ ಬೆಳೆಯುವುದನ್ನೇ ನಿಧಾನ ಮಾಡಿರುತ್ತವೆ, ಬೇಗ ಬೇಗ ಬೆಳೆಯುವ ಬ್ಯಾಕ್ಟೀರಿಯಾವನ್ನು ಹೊಡೆಯುವ ಔಷಧಿಗಳಿಗೆ ಇವು ಸುಲಭವಾಗಿ ಸಿಗುವುದಿಲ್ಲ.

ಹಾಗಾಗಿ ಕೀವು ಕಟ್ಟಿದ ಕುರುವಿಗೆ ಮುಖ್ಯ ಚಿಕಿತ್ಸೆ ಎಂದರೆ ಕೊಯ್ದು ಕೀವು ಹೊರಗೆ ಬಿಡುವುದು. ಮಾತ್ರೆ ಅದರ ಜೊತೆಗಾರ. ಇದಕ್ಕೆ ಒಳ್ಳೆಯ ಪುರಾವೆ 2016ರಲ್ಲಿ ಪ್ರಕಟವಾಯಿತು. ಅಮೆರಿಕದ ಐದು ಆಸ್ಪತ್ರೆಗಳ ತುರ್ತು ವಿಭಾಗಗಳಲ್ಲಿ ಸಾವಿರಕ್ಕೂ ಹೆಚ್ಚು ಜನರ ಕುರು ಕೊಯ್ದು, ಅರ್ಧ ಜನರಿಗೆ ಆಂಟಿಬಯಾಟಿಕ್, ಉಳಿದವರಿಗೆ ಔಷಧಿಯೇ ಇಲ್ಲದ ಅದೇ ರೂಪದ ಮಾತ್ರೆ ಕೊಟ್ಟರು. ಹೇಳಿದ ಹಾಗೆ ಮಾತ್ರೆ ಮುಗಿಸಿದವರ ಪೈಕಿ ಆಂಟಿಬಯಾಟಿಕ್ ತೆಗೆದುಕೊಂಡ ನೂರಕ್ಕೆ ಸುಮಾರು 93 ಜನ ಗುಣವಾದರು, ಔಷಧಿ ಇಲ್ಲದ ಮಾತ್ರೆ ತಿಂದವರಲ್ಲೂ ಸುಮಾರು 86 ಜನ ಗುಣವಾದರು. ಅಂದರೆ ದೊಡ್ಡ ಕೆಲಸ ಮಾಡಿದ್ದು ಬ್ಲೇಡು. ಮಾತ್ರೆ ಅದರ ಮೇಲೆ ಸ್ವಲ್ಪ ಸಹಾಯ ಮಾಡಿತು.

ಆ ಸಹಾಯ ಯಾರಿಗೆ ಹೆಚ್ಚು ಬೇಕು? ಜ್ವರ ಇರುವವರಿಗೆ, ಕುರುವಿನ ಸುತ್ತ ಕೆಂಪು ಹರಡುತ್ತಿರುವವರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ, ದೇಹದ ಪ್ರತಿರೋಧ ಶಕ್ತಿ ಕಡಿಮೆ ಇರುವವರಿಗೆ, ಮುಖ ಅಥವಾ ಕೈಯಲ್ಲಿ ಕುರು ಎದ್ದವರಿಗೆ. ಯಾವ ಮಾತ್ರೆ, ಎಷ್ಟು ದಿನ ಎನ್ನುವುದನ್ನು ಡಾಕ್ಟರು ಹೇಳಬೇಕು, ಮೆಡಿಕಲ್ ಸ್ಟೋರಿನವರಲ್ಲ. ಭೇದಿಗೆಂದು ಮನೆಯಲ್ಲಿ ಉಳಿದ ಆಂಟಿಬಯಾಟಿಕ್ ಸ್ಟೆಫ್‌ಗೆ ನಾಟದೇ ಇರಬಹುದು. ಅದಕ್ಕಿಂತ ಮುಖ್ಯವಾಗಿ, ಎರಡು ದಿನ ತಿಂದು ಬಿಟ್ಟ ಮಾತ್ರೆಯಿಂದ ನೋವು ತುಸು ಇಳಿದು ಕೀವು ಹಾಗೇ ಉಳಿದರೆ, ಕುರು ಗಟ್ಟಿ ಗಡ್ಡೆಯಂತಾಗಿ ವಾರಗಟ್ಟಲೆ ಕೂರುತ್ತದೆ.

ಎಲ್ಲ ಬಾವನ್ನೂ ಕೊಯ್ಯುವುದಿಲ್ಲ

ಚರ್ಮ ಕೆಂಪಾಗಿ, ಬಿಸಿಯಾಗಿ, ಊದಿಕೊಂಡಿದೆ, ಆದರೆ ಒಳಗೆ ಕೀವಿನ ಗೂಡು ಇಲ್ಲ. ಇದಕ್ಕೆ ಸೆಲ್ಯುಲೈಟಿಸ್ ಎನ್ನುತ್ತಾರೆ. ಇಲ್ಲಿ ರಕ್ತನಾಳಗಳು ತೆರೆದೇ ಇರುವುದರಿಂದ ಆಂಟಿಬಯಾಟಿಕ್ಕೇ ಮುಖ್ಯ ಮದ್ದು, ಕೊಯ್ದರೆ ಏನೂ ಸಿಗದು. ಕೀವು ಇದೆಯೋ ಇಲ್ಲವೋ ತಿಳಿಯಲು ಡಾಕ್ಟರು ಎರಡು ಬೆರಳು ಇಟ್ಟು ಒಂದರಿಂದ ಒತ್ತುತ್ತಾರೆ. ಒಳಗೆ ದ್ರವ ಇದ್ದರೆ ಇನ್ನೊಂದು ಬೆರಳು ಮೇಲಕ್ಕೆ ಎದ್ದಂತೆ ಗೊತ್ತಾಗುತ್ತದೆ. ಸಂಶಯ ಇದ್ದರೆ ಸೋನೋಗ್ರಫಿ ಮಾಡಿಸುತ್ತಾರೆ. ತೊಡೆಸಂದಿಯ ಬಾವಿಗಂತೂ ಇನ್ನೂ ಎಚ್ಚರ ಬೇಕು, ಅದು ಹರ್ನಿಯಾ, ಅಂದರೆ ಒಳಗಿನ ಕರುಳು ಹೊರಕ್ಕೆ ಉಬ್ಬಿ ಬಂದದ್ದು ಆಗಿರಬಹುದು.

ಹಾಗೆಯೇ ನೋವಿಲ್ಲದ, ಬಿಸಿ ಇಲ್ಲದ, ನಿಧಾನವಾಗಿ ಬೆಳೆಯುವ ಬಾವು. ಕುತ್ತಿಗೆಯ ಪಕ್ಕದಲ್ಲಿ ಇಂಥದ್ದು ಎದ್ದು, ಸಂಜೆ ಸಣ್ಣ ಜ್ವರ, ತೂಕ ಇಳಿಯುವುದು ಇದ್ದರೆ ಟಿಬಿಯ ಕುರು ಇರಬಹುದು. ಮುಂಬಯಿಯ ಡಾಕ್ಟರು ಇದನ್ನು ಮರೆಯುವುದಿಲ್ಲ, ನೀವೂ ಮರೆಯಬೇಡಿ. ಸೂಜಿಯಿಂದ ಕೀವು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಟಿಬಿ ಎಂದು ಖಚಿತವಾದರೆ ತಿಂಗಳುಗಟ್ಟಲೆ ಮಾತ್ರೆ, ಸರ್ಕಾರದ ಕಡೆಯಿಂದ ಅದು ಉಚಿತ.

ಮಗುವಿಗೆ ಹಾಲು ಕುಡಿಸುವ ತಾಯಿಯ ಎದೆಯಲ್ಲಿ ಕೀವು ಕಟ್ಟಿದರೆ ಈಗ ಹೆಚ್ಚಾಗಿ ಸೋನೋಗ್ರಫಿ ನೋಡಿಕೊಂಡು ಸೂಜಿಯಿಂದ ಎಳೆಯುತ್ತಾರೆ, ಬೇಕಾದರೆ ಎರಡು ಮೂರು ಸಲ. ಹಾಲು ಕುಡಿಸುವುದನ್ನು ಸಾಮಾನ್ಯವಾಗಿ ನಿಲ್ಲಿಸಬೇಕಾಗಿಲ್ಲ. ಹಿರಿಯರು ನಿಲ್ಲಿಸು ಎಂದರೂ ಮೊದಲು ಡಾಕ್ಟರನ್ನು ಕೇಳಿ, ಹಾಲು ಕಟ್ಟಿಕೊಂಡರೆ ತೊಂದರೆ ಇನ್ನೂ ಜಾಸ್ತಿ.

ಮನೆಮದ್ದು ಎಲ್ಲಿಯವರೆಗೆ

ಚಿಕ್ಕ ಗುಳ್ಳೆಗೆ ಬಿಸಿ ನೀರಿನ ಶಾಖ ನಿಜಕ್ಕೂ ಒಳ್ಳೆಯದು. ಸ್ವಚ್ಛ ಬಟ್ಟೆಯನ್ನು ಚರ್ಮ ತಡೆಯುವಷ್ಟು ಬಿಸಿ ನೀರಿನಲ್ಲಿ ಅದ್ದಿ, ಹಿಂಡಿ, ಹತ್ತು ಹದಿನೈದು ನಿಮಿಷ ಇಡಿ, ದಿನಕ್ಕೆ ಮೂರು ನಾಲ್ಕು ಸಲ. ರಕ್ತ ಓಡಾಟ ಹೆಚ್ಚುತ್ತದೆ, ಸಣ್ಣದು ತಾನೇ ಒಡೆದು ಬತ್ತುತ್ತದೆ. ಸುಣ್ಣ ಬೆಲ್ಲ ಕಲಸಿ ಹಚ್ಚುವುದು, ಈರುಳ್ಳಿ ಸುಟ್ಟು ಕಟ್ಟುವುದು ನಮ್ಮ ಕಡೆ ತಲೆಮಾರಿನಿಂದ ಇದೆ. ಇದರಲ್ಲಿ ಸಹಾಯಕ್ಕೆ ಬರುವುದು ಶಾಖ. ಸುಣ್ಣ ಮಾತ್ರ ಚರ್ಮವನ್ನು ಸುಡುತ್ತದೆ, ಅದನ್ನು ಬಿಟ್ಟುಬಿಡಿ ಎನ್ನುತ್ತೇನೆ.

ಹಿಂಡುವುದಂತೂ ಬೇಡವೇ ಬೇಡ. ಹಿಂಡಿದಾಗ ಸ್ವಲ್ಪ ಕೀವು ಹೊರಗೆ ಬರುತ್ತದೆ, ಜೊತೆಗೆ ಗೋಡೆ ಒಡೆದು ಸ್ವಲ್ಪ ಒಳಗೂ ನುಗ್ಗುತ್ತದೆ. ಮೂಗಿನ ಮೇಲೆ, ಮೇಲ್ತುಟಿಯ ಮೇಲೆ ಎದ್ದದ್ದನ್ನು ಹಿಂಡುವುದು ಎಲ್ಲಕ್ಕಿಂತ ಅಪಾಯ. ಅಲ್ಲಿನ ರಕ್ತನಾಳಗಳಿಗೆ ಮಿದುಳಿನ ಬುಡದ ಕಡೆಗೆ ಸಂಪರ್ಕ ಇದೆ, ಅಪರೂಪಕ್ಕಾದರೂ ಸೋಂಕು ಆ ದಾರಿ ಹಿಡಿದ ಉದಾಹರಣೆಗಳಿವೆ.

ಇನ್ನು ಮಾವಿನಹಣ್ಣು. ಹಾಪುಸ್ ತಿಂದದ್ದಕ್ಕೇ ಕುರು ಎದ್ದಿತು, ಉಷ್ಣ ಆಯಿತು ಎನ್ನುವವರು ಪ್ರತಿ ಮನೆಯಲ್ಲೂ ಇದ್ದಾರೆ. ಹಾಪುಸ್ ಬರುವುದೂ ಮೈ ಬೆವರಿ ನೀರಾಗುವುದೂ ಒಂದೇ ತಿಂಗಳಲ್ಲಿ, ಹಾಗಾಗಿ ಬೈಗುಳ ಹಣ್ಣಿಗೆ. ತೊಟ್ಟಿನ ಸೊನೆ ತಾಗಿದರೆ ತುಟಿಯ ಸುತ್ತ ಚರ್ಮ ಕೆರಳುವುದು ನಿಜ. ಕುರು ಮಾತ್ರ ಬ್ಯಾಕ್ಟೀರಿಯಾದ ಕೆಲಸ.

ಶಾಖ ಕೊಟ್ಟು ಎರಡು ದಿನವಾದರೂ ಇಳಿಯದಿದ್ದರೆ, ದೊಡ್ಡದಾಗುತ್ತಿದ್ದರೆ, ಡಾಕ್ಟರಿಗೆ ತೋರಿಸಿ. ಸಕ್ಕರೆ ಕಾಯಿಲೆ ಇದ್ದರೆ ಎರಡು ದಿನವೂ ಕಾಯಬೇಡಿ.

ಮುಂಬಯಿಯಲ್ಲಿ ಎಲ್ಲಿಗೆ ಹೋಗುವುದು

ಮೊದಲು ಹತ್ತಿರದ ಫ್ಯಾಮಿಲಿ ಡಾಕ್ಟರು. ಅವರು ಕೊಯ್ಯದಿದ್ದರೂ ಸರಿಯಾದ ಕಡೆ ಕಳಿಸುತ್ತಾರೆ. ದುಡ್ಡಿನ ಚಿಂತೆ ಇದ್ದರೆ ಮಹಾನಗರಪಾಲಿಕೆಯ ಡಿಸ್ಪೆನ್ಸರಿ, ಅಥವಾ 2022ರಲ್ಲಿ ಶುರುವಾದ ಆಪ್ಲಾ ದವಾಖಾನಾ. ಅಲ್ಲಿ ತೋರಿಸುವುದು ಉಚಿತ. ಕೊಯ್ಯಬೇಕು ಎಂದಾದರೆ ಪಾಲಿಕೆಯ ದೊಡ್ಡ ಆಸ್ಪತ್ರೆಗಳಿವೆ. ಪರೇಲಿನ ಕೆಇಎಂ, ಸಯನ್, ಮುಂಬಯಿ ಸೆಂಟ್ರಲಿನ ನಾಯರ್, ಪಶ್ಚಿಮ ಉಪನಗರದವರಿಗೆ ಕೂಪರ್, ಘಾಟ್ಕೋಪರ್ ಕಡೆಯವರಿಗೆ ರಾಜಾವಾಡಿ. ಭಾಯಖಳಾದ ಜೆಜೆ ರಾಜ್ಯ ಸರ್ಕಾರದ್ದು. ಬೆಳಿಗ್ಗೆ ಬೇಗ ಹೋಗಿ ಕೇಸ್ ಪೇಪರ್ ಮಾಡಿಸಿ, ಸರ್ಜರಿ ಓಪಿಡಿ ಎಲ್ಲಿ ಎಂದು ಕೇಳಿ. ಕುರುವಿಗೆ ಮರಾಠಿಯಲ್ಲಿ ಗಳೂ ಎನ್ನುತ್ತಾರೆ, ಹಾಗೆಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಜ್ವರ, ನಡುಕ ಇದ್ದರೆ ಓಪಿಡಿ ಸಾಲಿನಲ್ಲಿ ನಿಲ್ಲಬೇಡಿ, ನೇರ ಕ್ಯಾಶುವಲ್ಟಿಗೆ ಹೋಗಿ, ಅದು ರಾತ್ರಿಯೂ ತೆರೆದಿರುತ್ತದೆ.

ಹೋಟೆಲಿನಲ್ಲೋ ಕಾರ್ಖಾನೆಯಲ್ಲೋ ಕೆಲಸ ಮಾಡುವವರ ಸಂಬಳದಿಂದ ಇಎಸ್ಐ ಹಣ ಮುರಿಯುತ್ತಿದ್ದರೆ ಇಎಸ್ಐ ಆಸ್ಪತ್ರೆಯೂ ನಿಮ್ಮದೇ. ಕೆಲಸಕ್ಕೆ ಹೋಗಲಾಗದ ದಿನಗಳಿಗೆ ಅಲ್ಲಿನ ಸರ್ಟಿಫಿಕೇಟಿನ ಮೇಲೆ ಸಂಬಳದ ಒಂದು ಭಾಗ ಸಿಗುತ್ತದೆ, ಇದನ್ನು ಎಷ್ಟೋ ಹುಡುಗರು ಕೇಳುವುದೇ ಇಲ್ಲ. ಖಾಸಗಿ ವಿಮೆ ಇದ್ದವರು ಕೊಯ್ಯಿಸುವ ಮೊದಲೇ ವಿಚಾರಿಸಿ. ಓಪಿಡಿಯಲ್ಲಿ ಮುಗಿಯುವ ಚಿಕಿತ್ಸೆಗೆ ಸಾಮಾನ್ಯ ಪಾಲಿಸಿಗಳು ಹಣ ಕೊಡುವುದಿಲ್ಲ.

ಹೋಗುವಾಗ ನೀವು ತಿನ್ನುವ ಮಾತ್ರೆಗಳ ಚೀಟಿ ಒಯ್ಯಿರಿ. ರಕ್ತ ತೆಳುವಾಗುವ ಮಾತ್ರೆ ತಿನ್ನುತ್ತಿದ್ದರೆ, ಯಾವುದಾದರೂ ಔಷಧಿ ಒಗ್ಗದಿದ್ದರೆ ಕೇಳುವ ಮುಂಚೆಯೇ ಹೇಳಿ. ಸಕ್ಕರೆ ಪರೀಕ್ಷೆ ಮಾಡಿಸಿ ಎಂದರೆ ಬೇಡ ಎನ್ನಬೇಡಿ. ತನಗೆ ಸಕ್ಕರೆ ಕಾಯಿಲೆ ಇದೆ ಎಂದು ಕುರು ಎದ್ದಾಗಲೇ ಮೊದಲ ಬಾರಿ ಗೊತ್ತಾಗುವವರು ಬಹಳ ಜನ.

ಕೊಯ್ಯುವಾಗ ಏನಾಗುತ್ತದೆ

ಚಿಕ್ಕದಾದರೆ ಮೈನರ್ ಓಟಿ ಎಂಬ ಸಣ್ಣ ಕೋಣೆಯಲ್ಲಿ, ಎಚ್ಚರ ಇರುವಾಗಲೇ ಮಾಡುತ್ತಾರೆ. ಕಂದು ಬಣ್ಣದ ಬೆಟಾಡಿನ್ ಹಚ್ಚಿ, ಮರಗಟ್ಟಿಸುವ ಇಂಜೆಕ್ಷನ್ ಕೊಡುತ್ತಾರೆ. ಇದನ್ನು ಮುಚ್ಚಿಡದೆ ಹೇಳುತ್ತೇನೆ, ಈ ಇಂಜೆಕ್ಷನ್ ನೋಯುತ್ತದೆ, ಪೂರ್ತಿ ಮರಗಟ್ಟುವುದೂ ಇಲ್ಲ. ಕೀವಿರುವ ಜಾಗ ಹುಳಿಯಾಗಿರುವುದರಿಂದ ಅಲ್ಲಿ ಆ ಔಷಧಿ ಚೆನ್ನಾಗಿ ಕೆಲಸ ಮಾಡುವುದಿಲ್ಲ. ಅದಕ್ಕೇ ಡಾಕ್ಟರು ಕುರುವಿನ ಒಳಗೆ ಚುಚ್ಚದೆ ಸುತ್ತಲಿನ ಒಳ್ಳೆಯ ಚರ್ಮಕ್ಕೆ ಚುಚ್ಚುತ್ತಾರೆ. ದೊಡ್ಡದು, ಆಳದ್ದು, ಗುದದ ಹತ್ತಿರದ್ದು, ಚಿಕ್ಕ ಮಕ್ಕಳದ್ದು ಆದರೆ ಪೂರ್ತಿ ಅರಿವಳಿಕೆ ಕೊಡುತ್ತಾರೆ, ಅದಕ್ಕೆ ಆರು ಗಂಟೆ ಮೊದಲಿಂದ ಊಟ ತಿಂಡಿ ಬೇಡ ಎನ್ನುತ್ತಾರೆ.

ಆಮೇಲೆ ಚೂಪು ಮೂತಿಯ ಬ್ಲೇಡಿನಿಂದ, ಕೀವು ಮೇಲೆ ಬಂದಿರುವ ಕಡೆ, ಚರ್ಮದ ಗೆರೆಗಳ ದಿಕ್ಕಿನಲ್ಲೇ ಒಂದು ಸೀಳು. ಒತ್ತಡದಲ್ಲಿದ್ದ ಕೀವು ಒಮ್ಮೆಲೇ ಬರುತ್ತದೆ. ಹಳದಿ, ಕೆಲವೊಮ್ಮೆ ರಕ್ತ ಬೆರೆತ ಕಂದು, ವಾಸನೆಯೂ ಇರಬಹುದು. ಅದರಲ್ಲಿ ಸ್ವಲ್ಪ ಲ್ಯಾಬಿಗೆ ಕಳಿಸುತ್ತಾರೆ, ಯಾವ ಬ್ಯಾಕ್ಟೀರಿಯಾ, ಯಾವ ಔಷಧಿಗೆ ಬಗ್ಗುತ್ತದೆ ಎಂಬ ಈ ಕಲ್ಚರ್ ರಿಪೋರ್ಟು ಬರಲು ಎರಡು ಮೂರು ದಿನ. ಕೆಲವು ಸ್ಟೆಫ್‌ಗಳು ಸಾಮಾನ್ಯ ಆಂಟಿಬಯಾಟಿಕ್‌ಗೆ ಬಗ್ಗುವುದಿಲ್ಲ, ಅವಕ್ಕೆ ಎಂಆರ್‌ಎಸ್‌ಎ ಎನ್ನುತ್ತಾರೆ, ರಿಪೋರ್ಟು ಇದ್ದರೆ ಮಾತ್ರೆ ಬದಲಿಸಲು ಸುಲಭ.

ಕೀವಿನ ಗೂಡು ಒಳಗೆ ಹಲವು ಕೋಣೆಗಳಾಗಿ ಒಡೆದಿರುವುದುಂಟು. ಡಾಕ್ಟರು ಮುಚ್ಚಿದ ಇಕ್ಕಳ ಒಳಗಿಟ್ಟು, ಅಗಲಿಸಿ, ಆ ತಡಿಕೆಗಳನ್ನು ಬಿಡಿಸುತ್ತಾರೆ. ಆಗ ಒಂದು ನಿಮಿಷ ನೋವು ಜಾಸ್ತಿ. ಬೇಡ, ಸಾಕು ಎನಿಸುತ್ತದೆ, ಆದರೆ ಒಂದು ಕೋಣೆ ಉಳಿದರೂ ಕುರು ಮತ್ತೆ ತುಂಬುತ್ತದೆ. ಸಲೈನ್ ನೀರಿನಿಂದ ತೊಳೆದು, ಗಾಜ್ ಬಟ್ಟೆಯ ಉದ್ದ ಪಟ್ಟಿಯನ್ನು ಸಡಿಲವಾಗಿ ಒಳಗಿಟ್ಟು, ತುದಿ ಹೊರಗೆ ಬಿಟ್ಟು, ಮೇಲೆ ದಪ್ಪ ಪಟ್ಟಿ ಕಟ್ಟುತ್ತಾರೆ. ಚಿಕ್ಕ ಕುರುವಿಗೆ ಏನೂ ತುಂಬದೆ ಬಿಡುವ ಡಾಕ್ಟರೂ ಇದ್ದಾರೆ, ಅದೂ ಸರಿಯೇ. ಧನುರ್ವಾಯು ಇಂಜೆಕ್ಷನ್ ಹಾಕಿಸಿ ಎಷ್ಟು ವರ್ಷವಾಯಿತು ಎಂದು ಕೇಳಿ, ಬೇಕಾದರೆ ಅದನ್ನೂ ಕೊಡುತ್ತಾರೆ.

ಒತ್ತಡ ಇಳಿದ ಕೂಡಲೇ ಆ ಸಿಡಿತ ನಿಲ್ಲುತ್ತದೆ. ಎಷ್ಟೋ ರಾತ್ರಿ ನಿದ್ದೆಗೆಟ್ಟವರು ಅವತ್ತು ಮಲಗುತ್ತಾರೆ.

ಹೊಲಿಗೆ ಯಾಕೆ ಹಾಕುವುದಿಲ್ಲ

‘ಇಷ್ಟು ದೊಡ್ಡ ಗಾಯ ತೆರೆದೇ ಬಿಟ್ಟಿದ್ದಾರೆ’ ಎಂದು ಮನೆಯವರು ಗಾಬರಿಯಾಗುತ್ತಾರೆ. ಬೇಕೆಂದೇ ಬಿಟ್ಟಿರುತ್ತಾರೆ. ಮೇಲೆ ಹೊಲಿದರೆ ಒಳಗೆ ಟೊಳ್ಳು ಉಳಿದು, ಅಲ್ಲಿ ಮತ್ತೆ ಕೀವು ಕಟ್ಟುತ್ತದೆ. ಗಾಯ ತಳದಿಂದ ಮೇಲಕ್ಕೆ ತುಂಬಿ ಬರಬೇಕು, ಬಾಯಿ ಕೊನೆಗೆ ಮುಚ್ಚಬೇಕು. ಗಾಜ್ ಇಡುವುದೂ ಬಾಯಿ ಬೇಗ ಮುಚ್ಚದಿರಲಿ ಎಂದೇ.

ಡ್ರೆಸ್ಸಿಂಗ್ ಮೊದಲ ಕೆಲವು ದಿನ ದಿನವೂ, ಆಮೇಲೆ ದಿನ ಬಿಟ್ಟು ದಿನ. ಒಣಗಿ ಅಂಟಿದ ಗಾಜನ್ನು ಎಳೆಯದೆ, ಸಲೈನಿನಲ್ಲಿ ನೆನೆಸಿ ತೆಗೆಯಲು ಹೇಳಿ. ಡ್ರೆಸ್ಸಿಂಗಿಗೆ ಹೊರಡುವ ಅರ್ಧ ಗಂಟೆ ಮೊದಲು ಡಾಕ್ಟರು ಬರೆದ ನೋವಿನ ಮಾತ್ರೆ ತಿಂದರೆ ಹಗುರ. ತಳದಲ್ಲಿ ಕೆಂಪಗೆ, ಸಣ್ಣ ಸಣ್ಣ ಕಾಳಿನಂತೆ ಮಾಂಸ ಕಾಣಿಸಿದರೆ ಗಾಯ ಚೆನ್ನಾಗಿ ತುಂಬುತ್ತಿದೆ ಎಂದರ್ಥ, ಅದನ್ನು ಕಂಡು ಹೆದರಬೇಕಿಲ್ಲ. ಚಿಕ್ಕದು ಒಂದೆರಡು ವಾರದಲ್ಲಿ, ದೊಡ್ಡದು ಮೂರು ನಾಲ್ಕು ವಾರದಲ್ಲಿ ಮುಚ್ಚುತ್ತದೆ. ನೋವು ಹೋಯಿತಲ್ಲ ಎಂದು ಮೂರನೇ ದಿನಕ್ಕೇ ಡ್ರೆಸ್ಸಿಂಗ್ ಬಿಟ್ಟು ಕೆಲಸಕ್ಕೆ ಓಡುವವರದ್ದೇ ಮತ್ತೆ ಕೀವು ಕಟ್ಟುವುದು. ಕಂಕುಳಲ್ಲಿ ಕೊಯ್ದಿದ್ದರೆ ಲೋಕಲಿನಲ್ಲಿ ಮೇಲಿನ ಹಿಡಿಕೆ ಹಿಡಿದು ನಿಲ್ಲುವ ಪ್ರಯಾಣ ಕೆಲವು ದಿನ ಬೇಡ. ಸ್ನಾನದ ಬಗ್ಗೆ ಡಾಕ್ಟರನ್ನು ಕೇಳಿ, ಹೆಚ್ಚಿನವರಿಗೆ ಒಂದೆರಡು ದಿನದ ಮೇಲೆ ನೀರು ತಾಗಿದರೆ ತೊಂದರೆ ಇಲ್ಲ.

ಕಾಯಬಾರದ ಲಕ್ಷಣಗಳು

ಚಳಿ ನಡುಕದ ಜ್ವರ, ಕುರುವಿನಿಂದ ಮೇಲಕ್ಕೆ ಹೋಗುವ ಕೆಂಪು ಗೆರೆ, ಮುಖದ ಕುರುವಿನ ಜೊತೆ ಕಣ್ಣು ಊದಿಕೊಳ್ಳುವುದು, ದವಡೆ ಕೆಳಗೆ ಊದಿ ಬಾಯಿ ತೆರೆಯಲು ಅಥವಾ ನುಂಗಲು ಕಷ್ಟವಾಗುವುದು, ಕುರು ಚಿಕ್ಕದಿದ್ದರೂ ತಡೆಯಲಾರದ ನೋವು, ಚರ್ಮ ಕಪ್ಪಾಗುವುದು. ಇದರಲ್ಲಿ ಒಂದು ಕಂಡರೂ ಅದೇ ಗಂಟೆಯಲ್ಲಿ ಆಸ್ಪತ್ರೆಗೆ ಹೊರಡಿ. ಕೊನೆಯ ಎರಡು, ಸೋಂಕು ಚರ್ಮದ ಅಡಿಯಲ್ಲಿ ವೇಗವಾಗಿ ಮಾಂಸ ತಿನ್ನುತ್ತಿರುವ ಗುರುತಾಗಿರಬಹುದು.

ಗುದದ ಹತ್ತಿರದ ಕುರುವನ್ನು ನಾಚಿಕೆಯಿಂದ ಮುಚ್ಚಿಡುವುದು, ಗೋಡೆಗೆ ಅಂಟಿಸಿದ ಜಾಹೀರಾತು ನೋಡಿ ಗುಟ್ಟಾಗಿ ಎಲ್ಲೋ ತೋರಿಸುವುದು ಬೇಡ. ಇದನ್ನು ಬೇಗ ಕೊಯ್ಯದಿದ್ದರೆ ಸೋಂಕು ಆಳಕ್ಕೆ ಇಳಿಯುತ್ತದೆ. ಕೊಯ್ದ ಮೇಲೂ ಎಷ್ಟೋ ಜನರಿಗೆ ಒಳಗೆ ಒಂದು ಸುರಂಗ ಉಳಿಯುತ್ತದೆ, ಅದೇ ಭಗಂದರ, ಫಿಸ್ತುಲಾ. ಸರ್ಜನ್ ಹತ್ತಿರ ತೋರಿಸುತ್ತಿದ್ದರೆ ಅದನ್ನೂ ಹುಡುಕಿ ಸರಿ ಮಾಡುತ್ತಾರೆ.

ಮತ್ತೆ ಮತ್ತೆ ಏಳುವುದು ಯಾಕೆ

ಒಂದೇ ಜಾಗದಲ್ಲಿ ಏಳುತ್ತಿದ್ದರೆ ಅಲ್ಲಿ ಏನೋ ಉಳಿದಿದೆ ಎಂದುಕೊಳ್ಳಿ. ಕೀವು ತುಂಬಿದ ಹಳೆಯ ಸಿಸ್ಟ್ (ಚರ್ಮದ ಕೆಳಗಿನ ಚೀಲದಂಥ ಗಂಟು) ಆಗಿದ್ದರೆ ಮೊದಲು ಕೀವು ತೆಗೆದು, ಕೆಲವು ವಾರದ ಮೇಲೆ ಅದರ ಚೀಲವನ್ನೇ ಕಿತ್ತು ತೆಗೆಯಬೇಕು. ಬೆನ್ನಿನ ತುದಿ, ಪೃಷ್ಠದ ಸೀಳಿನ ಮೇಲ್ಭಾಗದಲ್ಲಿ ಆಗುವುದು ಪೈಲೊನೈಡಲ್, ಕೂದಲು ಒಳಗೆ ಸೇರಿಕೊಂಡು ಆಗುವಂಥದ್ದು. ಎರಡನೇ ಮಹಾಯುದ್ಧದಲ್ಲಿ ಜೀಪು ಓಡಿಸುವ ಅಮೆರಿಕದ ಸೈನಿಕರಲ್ಲಿ ಎಷ್ಟು ಜಾಸ್ತಿಯಾಯಿತು ಎಂದರೆ ಇದನ್ನು ಜೀಪ್ ರೋಗ ಎಂದೇ ಕರೆದರು. ನಮ್ಮ ಆಟೋ, ಟ್ಯಾಕ್ಸಿಯವರು ಇದನ್ನು ಗಮನಿಸಬೇಕು. ಎರಡೂ ಕಂಕುಳು, ತೊಡೆಸಂದಿಗಳಲ್ಲಿ ವರ್ಷಗಟ್ಟಲೆ ಬರುತ್ತಿದ್ದರೆ ಹೈಡ್ರಾಡಿನೈಟಿಸ್ ಎಂಬ ಬೇರೆ ಕಾಯಿಲೆ ಇರಬಹುದು, ಅದಕ್ಕೆ ಚರ್ಮದ ಡಾಕ್ಟರು ಬೇಕು.

ಬೇರೆ ಬೇರೆ ಜಾಗದಲ್ಲಿ, ಮನೆಯ ಒಬ್ಬರಾದ ಮೇಲೆ ಒಬ್ಬರಿಗೆ ಏಳುತ್ತಿದ್ದರೆ ಸ್ಟೆಫ್ ನಿಮ್ಮೊಳಗೇ ಸುತ್ತುತ್ತಿದೆ. ಒಂದೇ ರೂಮಿನಲ್ಲಿ ಏಳೆಂಟು ಹುಡುಗರು ಇರುವ ಹೋಟೆಲಿನ ವಸತಿಗಳಲ್ಲಿ ಇದು ಸುಲಭ. ಟವೆಲ್ಲು, ರೇಜರು, ಸಾಬೂನು ಒಬ್ಬೊಬ್ಬರಿಗೆ ಬೇರೆ ಇರಲಿ. ಕುರು ಇದ್ದವರ ಬಟ್ಟೆ, ಚಾದರ ಬಿಸಿ ನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ಕೀವು ಸೋರುತ್ತಿರುವಾಗ ಅಡುಗೆ ಕೆಲಸ ಬೇಡ, ಇದೇ ಸ್ಟೆಫ್ ಆಹಾರಕ್ಕೆ ಸೇರಿದರೆ ಊಟ ಮಾಡಿದವರಿಗೆ ವಾಂತಿ ಭೇದಿ ಆಗಬಹುದು, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಹೋಟೆಲಿನ ಮಾಲೀಕರು ಅಂಥ ಹುಡುಗನನ್ನು ನಾಲ್ಕು ದಿನ ಬೇರೆ ಕೆಲಸಕ್ಕೆ ಹಾಕಿ ಸಂಬಳ ಹಿಡಿಯದಿದ್ದರೆ, ಅವನೂ ಕುರುವನ್ನು ಮುಚ್ಚಿಡುವುದಿಲ್ಲ. ಪದೇ ಪದೇ ಬರುವವರಿಗೆ ಡಾಕ್ಟರು ಕೆಲವು ದಿನ ಮೂಗಿನೊಳಗೆ ಹಚ್ಚುವ ಮುಲಾಮು, ಮೈ ತೊಳೆಯುವ ಔಷಧಿ ಸಾಬೂನು ಕೊಡುತ್ತಾರೆ. ಅವರ ಹತ್ತಿರ ಹೋಗುವಾಗ ಹಳೆಯ ಕಲ್ಚರ್ ರಿಪೋರ್ಟು, ಸಕ್ಕರೆಯ ರಿಪೋರ್ಟು ಎರಡನ್ನೂ ಒಯ್ಯಿರಿ.